ಮೂರು ಬಡಾವಣೆಗಳು, ಒಂದು ಸೀಸದ ಪೆಟ್ಟಿಗೆ

ಮೋಟಾರುಗಾಡಿ ಇರುವ ಮನೆಯವರು ಅದರ ಬಣ್ಣವನ್ನು ಬಲ್ಲರು. ಲೀಟರು ಪೆಟ್ರೋಲಿಗೆ ಅದು ಎಷ್ಟು ದೂರ ಓಡುವುದೆಂಬುದನ್ನು ಬಲ್ಲರು. ಟೈರು ಸವೆದುದನ್ನೂ ಬಹುಮಟ್ಟಿಗೆ ಬಲ್ಲರು. ಆದರೆ ಮುಂಭಾಗದ ಮುಚ್ಚಳದ ಕೆಳಗೆ ಮೂಲೆಯಲ್ಲಿ ಕುಳಿತಿರುವ ಆ ಕಪ್ಪು ಪೆಟ್ಟಿಗೆಗೆ ಈಗ ವಯಸ್ಸೆಷ್ಟೆಂದು ಕೇಳಿದರೆ ಗಂಡ ಹೆಂಡತಿಯ ಮುಖವನ್ನೂ ಹೆಂಡತಿ ಗಂಡನ ಮುಖವನ್ನೂ ನೋಡುವುದುಂಟು. ಬ್ಯಾಟರಿಯು ನೆನಪಿಗೆ ಬರುವುದು ಒಂದೇ ದಿನ: ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಸದ್ದಿನ ಹೊರತು ಬೇರೇನೂ ಆಗದ ದಿನ. ಆ ದಿನವು ಮದುವೆಯ ಮುಹೂರ್ತದ ಬೆಳಗಾಗಿರಬಹುದು; ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ನಡುರಾತ್ರಿಯೂ ಆಗಿರಬಹುದು.

ಇಂಥ ಪೆಟ್ಟಿಗೆಯೊಂದು ಎಷ್ಟು ವರ್ಷ ಬಾಳುವುದು, ಅದು ಸಾಯುವುದೇಕೆ, ಅದರ ಸ್ಥಾನಕ್ಕೆ ಮತ್ತೊಂದನ್ನು ಆರಿಸುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಪುಸ್ತಕದಲ್ಲಿ ಹುಡುಕುವ ಬದಲು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಸುತ್ತು ಬರೋಣ. ಮಲ್ಲೇಶ್ವರದಲ್ಲಿ ಹೊರಟು, ಚಾಮರಾಜಪೇಟೆಯನ್ನು ಹಾದು, ಜೆ.ಸಿ. ರಸ್ತೆಯ ಅಂಗಡಿಗಳನ್ನು ನೋಡಿಕೊಂಡು ಬಸವನಗುಡಿಯನ್ನು ಸೇರುವುದು ನಮ್ಮ ದಾರಿ. ದೂರ ಹೆಚ್ಚಿಲ್ಲ. ಆದರೆ ದೂರ ಹೆಚ್ಚಿಲ್ಲದಿರುವುದೇ ನಮ್ಮ ಕಥೆಯ ತಿರುಳೆಂಬುದನ್ನು ಓದುಗರು ಮುಂದೆ ಕಾಣುವರು.

ಮಲ್ಲೇಶ್ವರವೂ ಬಸವನಗುಡಿಯೂ 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ಜನರಿಂದ ತುಂಬಿಕೊಂಡ ಬಡಾವಣೆಗಳು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಗಾಳಿ ಬೆಳಕುಗಳನ್ನು ಅರಸಿ ಬಂದವರಿಗಾಗಿ ಅಗಲವಾದ ಬೀದಿಗಳನ್ನು ಹಾಕಿದರು. ಮಲ್ಲೇಶ್ವರದ ಬೀದಿಗಳಿಗೆ ಸಂಪಿಗೆಯ ಹೆಸರು, ಬೇವಿನ ಹೆಸರು. ಅಡ್ಡರಸ್ತೆಗಳಲ್ಲಿ ಬೆಳಗ್ಗೆ ನಡೆದುಹೋದರೆ ಕಾಂಪೌಂಡಿನೊಳಗೆ ಹೊದಿಕೆ ಹೊದ್ದು ನಿಂತ ಕಾರುಗಳು ಕಾಣುತ್ತವೆ. ಹೊದಿಕೆಯ ಮೇಲೆ ಉದುರಿದ ಎಲೆ; ಎಲೆಯ ಮೇಲೆ ಧೂಳು. ಮಗನು ಹೊರದೇಶದಲ್ಲಿ, ಮಗಳು ವೈಟ್‌ಫೀಲ್ಡಿನ ಕಡೆ. ಮನೆಯಲ್ಲಿ ಉಳಿದವರು ಇಬ್ಬರು ಹಿರಿಯರು. ತರಕಾರಿ ಎಂಟನೆಯ ಅಡ್ಡರಸ್ತೆಯಲ್ಲಿಯೇ ಸಿಗುತ್ತದೆ, ದೇವಸ್ಥಾನ ನಡೆದುಹೋಗುವಷ್ಟು ಹತ್ತಿರ. 2017ರ ಜೂನ್ ತಿಂಗಳಲ್ಲಿ ನೆಲದಡಿಯ ಮೆಟ್ರೋ ದಾರಿ ತೆರೆದ ಮೇಲೆ ಬಸವನಗುಡಿಯ ಬಂಧುಗಳ ಮನೆಗೂ ಕಾರು ಬೇಕಿಲ್ಲ. ಸಂಪಿಗೆ ರಸ್ತೆಯ ನಿಲ್ದಾಣಕ್ಕೂ ನ್ಯಾಷನಲ್ ಕಾಲೇಜಿನ ನಿಲ್ದಾಣಕ್ಕೂ ನಡುವೆ ಇರುವುದು ಮೂರೇ ನಿಲ್ದಾಣ. ಹೀಗಾಗಿ ಗಾಡಿ ನಿಂತಲ್ಲಿಯೇ ನಿಂತಿರುತ್ತದೆ. “ಹೆಚ್ಚು ಓಡಿಸಿಲ್ಲ, ಹೊಸದರಂತೆಯೇ ಇದೆ” ಎಂದು ಮನೆಯವರು ಸಂತೋಷಪಡುತ್ತಾರೆ. ಬ್ಯಾಟರಿಯ ಮಟ್ಟಿಗೆ ಆ ಸಂತೋಷ ಸಲ್ಲದು.

ಏಕೆಂಬುದನ್ನು ತಿಳಿಯಲು ಪೆಟ್ಟಿಗೆಯ ಒಳಗೆ ಸ್ವಲ್ಪ ಇಣುಕಬೇಕು. ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ವಿದ್ಯುತ್ತನ್ನು ಕೂಡಿಡುವ ಉಪಾಯವನ್ನು ಕಂಡುಹಿಡಿದನು. ನಮ್ಮ ಕಾರಿನ ಪೆಟ್ಟಿಗೆಯಲ್ಲಿ ಇಂದಿಗೂ ಇರುವುದು ಅದೇ ತತ್ತ್ವ. ಅದರೊಳಗೆ ಆರು ಕೋಣೆಗಳು. ಒಂದೊಂದರದೂ ಸುಮಾರು 2.1 ವೋಲ್ಟ್, ಒಟ್ಟು ಸೇರಿ 12.6. ವಿದ್ಯುತ್ತನ್ನು ತೆಗೆದುಕೊಂಡಂತೆಲ್ಲ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ. ವಿದ್ಯುತ್ತನ್ನು ಮರಳಿ ತುಂಬಿದಾಗ ಅದು ಕರಗಿಹೋಗುತ್ತದೆ. ತುಂಬದೆ ಹಾಗೆಯೇ ಬಿಟ್ಟರೆ? ಆ ಸಲ್ಫೇಟು ಹರಳುಗಟ್ಟಿ ಗಟ್ಟಿಯಾಗುತ್ತದೆ. ತೊಳೆಯದೆ ಇಟ್ಟ ಪಾತ್ರೆಯಲ್ಲಿ ಅನ್ನದ ಅಗುಳು ಒಣಗಿ ಹಿಡಿದುಕೊಂಡಂತೆ. ಬಳಿಕ ಎಷ್ಟು ತಿಕ್ಕಿದರೂ ಪಾತ್ರೆ ಮೊದಲಿನಂತಾಗದು.

ನಿಂತ ಗಾಡಿಯಲ್ಲಿ ವಿದ್ಯುತ್ತನ್ನು ತೆಗೆಯುವವರು ಯಾರು ಎಂದು ಕೇಳಬಹುದು. ಈಗಿನ ಕಾರು ನಿದ್ರಿಸುವಾಗಲೂ ಅರೆಗಣ್ಣು ತೆರೆದೇ ಇರುತ್ತದೆ. ಕಳ್ಳಗಂಟೆ, ಗಡಿಯಾರ, ಬಾಗಿಲ ಬೀಗದ ಯಂತ್ರ, ಗಣಕದ ನೆನಪು ಇವೆಲ್ಲಕ್ಕೂ ಸೇರಿ ಸುಮಾರು 30 ಮಿಲಿ ಆಂಪಿಯರ್ ಬೇಕೆಂದಿಟ್ಟುಕೊಳ್ಳೋಣ. ದಿನಕ್ಕೆ ಅದು 0.72 ಆಂಪಿಯರ್ ಗಂಟೆ. ತಿಂಗಳಿಗೆ 21ಕ್ಕೂ ಮಿಕ್ಕು. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಶಕ್ತಿಯೇ 35 ಆಂಪಿಯರ್ ಗಂಟೆಯಷ್ಟು. ತಿಂಗಳು ಮುಗಿಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಸೋರಿಹೋಯಿತೆಂದಾಯಿತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಈ ಲೆಕ್ಕ ಅನೇಕರಿಗೆ ಅನುಭವದಿಂದಲೇ ತಿಳಿಯಿತು. ವಾರಗಟ್ಟಲೆ ನಿಂತ ಕಾರುಗಳು, ಹೊರಡಲು ಅನುಮತಿ ಬಂದ ದಿನ ಹೊರಡಲಿಲ್ಲ.

ಆದರೆ ಬೆಂಗಳೂರಿನವರಿಗೆ ಒಂದು ಭಾಗ್ಯವುಂಟು. ಬ್ಯಾಟರಿಯ ಪರಮ ಶತ್ರು ಸೆಕೆ. ಚಳಿಯಲ್ಲಿ ಬ್ಯಾಟರಿ ದುರ್ಬಲವಾಗಿ ಕಂಡರೂ ಅದನ್ನು ಒಳಗಿನಿಂದ ತಿನ್ನುವುದು ಶಾಖವೇ. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುವುದೆಂಬುದು ಈ ವಿದ್ಯೆಯನ್ನು ಬಲ್ಲವರ ಸ್ಥೂಲವಾದ ಲೆಕ್ಕ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಏಪ್ರಿಲ್ ತಿಂಗಳ ಹಗಲಿನ ಬಿಸಿ ಸರಾಸರಿಯಲ್ಲಿ 34 ಡಿಗ್ರಿಯ ಆಸುಪಾಸು. ರಾಯಚೂರು, ಕಲಬುರಗಿಗಳಲ್ಲಿ ಅದು 40ನ್ನು ಮೀರುವುದು ವಾಡಿಕೆ. ನಮ್ಮ ದೇಶದಲ್ಲಿ ಕಾರಿನ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಬೆಂಗಳೂರಿನ ಹವೆಯಲ್ಲಿ ಐದರ ಕಡೆಗೆ ಸಾಗಬೇಕಾದುದು ಮೂರಕ್ಕೇ ಮುಗಿದರೆ ತಪ್ಪು ಹವೆಯದಲ್ಲ. ಗಾಡಿಯನ್ನು ನಡೆಸಿಕೊಂಡ ರೀತಿಯದು. ಬೆಂಗಳೂರಿನ ಗಾಳಿ ಬ್ಯಾಟರಿಗೆ ಹಿತ, ಬೆಂಗಳೂರಿನ ಬಾಳ್ವೆ ಅದಕ್ಕೆ ಹಿತವಲ್ಲ ಎಂದು ಒಂದೇ ಮಾತಿನಲ್ಲಿ ಹೇಳಬಹುದು.

ಆ ಬಾಳ್ವೆಯ ಇನ್ನೊಂದು ಮುಖವನ್ನು ಕಾಣಬೇಕಾದರೆ ಶೇಷಾದ್ರಿಪುರ, ಮೆಜೆಸ್ಟಿಕ್‌ಗಳನ್ನು ದಾಟಿ ಚಾಮರಾಜಪೇಟೆಗೆ ಬರಬೇಕು. ದಾರಿಯುದ್ದಕ್ಕೂ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಎಂಜಿನ್ನನ್ನು ಎಬ್ಬಿಸುವಾಗ ಮೋಟರು ನೂರಾರು ಆಂಪಿಯರ್‌ಗಳನ್ನು ಎಳೆದರೂ ಅದು ಒಂದೆರಡು ಕ್ಷಣದ ಮಾತು. ಆಮೇಲೆ ಗಾಡಿಯ ಆಲ್ಟರ್ನೇಟರು ಆ ಸಾಲವನ್ನು ತೀರಿಸಬೇಕು. ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಆಲ್ಟರ್ನೇಟರಿನ ಗಳಿಕೆ ಕಡಿಮೆ. ಅದೇ ಹೊತ್ತಿನಲ್ಲಿ ದೀಪ, ಬೀಸಣಿಗೆ, ಹಾಡಿನ ಪೆಟ್ಟಿಗೆ, ಮಳೆಗಾಲವಾದರೆ ಗಾಜು ಒರೆಸುವ ಕಡ್ಡಿ ಇವುಗಳ ಖರ್ಚು ಹೆಚ್ಚು. ಮಕ್ಕಳನ್ನು ಶಾಲೆಗೆ ಬಿಟ್ಟು ಹತ್ತೇ ನಿಮಿಷದಲ್ಲಿ ಮನೆಗೆ ಮರಳುವ ಗಾಡಿಯಲ್ಲಿ ಗಳಿಕೆ ಖರ್ಚಿಗೆ ಸಾಲದು. ಬಿಡುವಿಲ್ಲದೆ ದುಡಿದಂತೆ ಕಾಣುವ ಗಾಡಿಯೂ ಹೀಗೆ ಒಳಗೊಳಗೇ ಸಾಲಗಾರನಾಗುತ್ತ ಹೋಗುತ್ತದೆ. ಹೊದಿಕೆಯ ಕೆಳಗಿನ ಮಲ್ಲೇಶ್ವರದ ಕಾರಿಗೂ ದಿನವೂ ಪೇಟೆ ಸುತ್ತುವ ಈ ಕಾರಿಗೂ ರೋಗ ಒಂದೇ.

ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ದೊರೆ ಚಾಮರಾಜ ಒಡೆಯರ ಹೆಸರನ್ನು ಹೊತ್ತದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಮನೆ ಇರುವುದೂ ಇಲ್ಲಿಯೇ. ಈ ಬೀದಿಗಳನ್ನು ಅಳೆದು ಹಾಕಿದಾಗ ಊರಿನಲ್ಲಿ ಓಡುತ್ತಿದ್ದುದು ಜಟಕಾ ಮತ್ತು ಎತ್ತಿನ ಗಾಡಿ. ಮೋಟಾರಿಗೆಂದು ಕೋಣೆಯನ್ನು ಯಾರೂ ಕಟ್ಟಲಿಲ್ಲ. ಆದುದರಿಂದ ಹಳೆಯ ಮನೆಗಳ ಮುಂದೆ ಕಾರುಗಳು ಬೀದಿಯ ಬದಿಯಲ್ಲಿಯೇ ಮಳೆ ಬಿಸಿಲಿಗೆ ಮೈಯೊಡ್ಡಿ ನಿಲ್ಲುತ್ತವೆ. ಹಿಂದಿನ ಕಾರುಗಳ ಮೂತಿಗೆ ಕಬ್ಬಿಣದ ಹಿಡಿಯನ್ನು ತೂರಿಸಿ ತಿರುವಿ ಎಂಜಿನ್ನನ್ನು ಎಬ್ಬಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಅಮೆರಿಕೆಯ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದ ಮೇಲೆ ತೋಳಿನ ಕೆಲಸವನ್ನು ಬ್ಯಾಟರಿ ವಹಿಸಿಕೊಂಡಿತು. ಆದರೂ ಬಹಳ ಕಾಲ ಆ ಹಿಡಿ ಡಿಕ್ಕಿಯಲ್ಲಿ ಆಪದ್ಬಾಂಧವನಂತೆ ಮಲಗಿರುತ್ತಿತ್ತು. ಈಗ ಹಿಡಿಯೂ ಇಲ್ಲ, ಅದನ್ನು ತೂರಿಸುವ ತೂತೂ ಇಲ್ಲ. ತಾನಾಗಿ ಗೇರು ಬದಲಿಸುವ ಕಾರನ್ನು ತಳ್ಳಿ ಎಬ್ಬಿಸುವಂತೆಯೂ ಇಲ್ಲ. ಪೆಟ್ರೋಲನ್ನು ಬಿಟ್ಟು ವಿದ್ಯುತ್ತಿನಲ್ಲೇ ಓಡುವ ಹೊಸ ಕಾರುಗಳಲ್ಲಿಯೂ ಸಾಮಾನ್ಯವಾಗಿ 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದು ಇದ್ದೇ ಇರುತ್ತದೆ. ಅದು ಮುನಿದರೆ ದೊಡ್ಡದೂ ಏಳದು. ಬ್ಯಾಟರಿಯ ಮೇಲಿನ ನಮ್ಮ ಅವಲಂಬನೆ ಎಂದಿಗಿಂತ ಇಂದು ಹೆಚ್ಚು.

ಪುಣ್ಯಕ್ಕೆ ಅದು ಹೇಳದೆ ಕೇಳದೆ ಸಾಯುವುದು ಅಪರೂಪ. ಬೆಳಗಿನ ಮೊದಲ ಬಾರಿಗೆ ಎಂಜಿನ್ನು ಏಳುವಾಗ ‘ಉಂ... ಉಂ...’ ಎಂದು ಎಳೆಯತೊಡಗಿದರೆ ಅದೊಂದು ಸೂಚನೆ. ಆ ಕ್ಷಣದಲ್ಲಿ ದೀಪ ಬಹಳ ಮಂಕಾದರೆ ಇನ್ನೊಂದು. ಪೆಟ್ಟಿಗೆಯ ಪಕ್ಕಗಳು ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ತಡಮಾಡದೆ ತೋರಿಸಬೇಕು. ಹತ್ತಿಪ್ಪತ್ತು ನಿಮಿಷದ ಕೆಲಸದಲ್ಲಿ ಯಾವ ಬ್ಯಾಟರಿ ಅಂಗಡಿಯವರೂ ಅದರ ನಾಡಿ ನೋಡಿ ಹೇಳಬಲ್ಲರು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ, 12.2 ಎಂದರೆ ಅರ್ಧ ಹೊಟ್ಟೆ. 12ಕ್ಕೂ ಕೆಳಗಾದರೆ ಉಪವಾಸ. ಎಂಜಿನ್ನು ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ತೋರಬೇಕು. ಅಷ್ಟು ತೋರದಿದ್ದರೆ ರೋಗ ಬ್ಯಾಟರಿಯದಾಗಿರದೆ ಆಲ್ಟರ್ನೇಟರಿನದೋ ಅದರ ಪಟ್ಟಿಯದೋ ಆಗಿರಬಹುದು. ಕೊಂಡಿಗಳ ಮೇಲೆ ಬೆಳೆದ ಹಸುರು ಬಿಳುಪಿನ ಪುಡಿಯನ್ನು ತೆಗೆದು ಬಿಗಿಮಾಡಿದ ಮಾತ್ರಕ್ಕೆ ಗುಣವಾದ ಬ್ಯಾಟರಿಗಳೂ ಉಂಟು. ಪರೀಕ್ಷಿಸದೆ ಹೊಸದನ್ನು ಕೊಳ್ಳುವುದು, ಜ್ವರವೇಕೆಂದು ನೋಡದೆ ಔಷಧ ಕುಡಿದಂತೆ.

ಪರೀಕ್ಷೆಯಲ್ಲಿ ಹಳೆಯದು ತೀರಿತೆಂದು ತಿಳಿದರೆ ನಮ್ಮ ಮುಂದಿನ ನಿಲ್ದಾಣ ಜೆ.ಸಿ. ರಸ್ತೆ. ಪುರಭವನದಿಂದ ಮಿನರ್ವ ವೃತ್ತದವರೆಗೆ ಚಾಚಿದ ಈ ರಸ್ತೆಯಲ್ಲಿ ಒಂದು ಕಡೆ ರವೀಂದ್ರ ಕಲಾಕ್ಷೇತ್ರದ ನಾಟಕಗಳ ಭಿತ್ತಿಪತ್ರ. ಉಳಿದೆಡೆ ಮೋಟಾರಿನ ಬಿಡಿಭಾಗಗಳ ಸಾಮ್ರಾಜ್ಯ. ಕನ್ನಡಿ, ಬ್ರೇಕು, ದೀಪ, ಆಸನದ ಹೊದಿಕೆ. ಕಾರನ್ನು ಅಂಗಾಂಗವಾಗಿ ಬಿಡಿಸಿ ಬೀದಿಯುದ್ದಕ್ಕೂ ತೂಗುಹಾಕಿದಂತೆ ಕಾಣುತ್ತದೆ. ಇಲ್ಲಿಗೆ ಬಂದ ಗೃಹಸ್ಥನ ಬಾಯಲ್ಲಿ ಬರುವ ಮೊದಲ ಪ್ರಶ್ನೆ “ಯಾವ ಕಂಪನಿಯದು ಒಳ್ಳೆಯದು?” ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ.

ಮೊದಲನೆಯದು, ನನ್ನ ಗಾಡಿ ಕೇಳುವುದೇನು? ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅಳತೆ, ಆಂಪಿಯರ್ ಗಂಟೆ, ಕೊಂಡಿಗಳ ಸ್ಥಾನ ಎಲ್ಲವೂ ಇರುತ್ತದೆ. ಧನ ಕೊಂಡಿ ಎಡಕ್ಕಿರಬೇಕಾದಲ್ಲಿ ಬಲಕ್ಕಿದ್ದರೆ ತಂತಿ ಎಟುಕದು. ಆಂಪಿಯರ್ ಗಂಟೆ ಹೇಳಿದ್ದಕ್ಕಿಂತ ಕಡಿಮೆ ಇರಕೂಡದು. ತಟ್ಟೆಯಲ್ಲಿ ಭದ್ರವಾಗಿ ಕೂರುವುದಾದರೆ ಸ್ವಲ್ಪ ಹೆಚ್ಚಿದ್ದರೆ ತೊಂದರೆಯಿಲ್ಲ. ಸಿ.ಸಿ.ಎ. ಎಂಬ ಅಂಕಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಜಿನ್ನನ್ನು ಎಬ್ಬಿಸುವ ಬಲವನ್ನು ಹೇಳುತ್ತದೆ. ಅಂಥ ಚಳಿ ನಮ್ಮ ಊರಿಗೆ ಬಾರದು. ಗಾಡಿ ಕೇಳಿದಷ್ಟಿದ್ದರೆ ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಮಾರುಹೋಗಿ ಹಣ ತೆರಬೇಕಾಗಿಲ್ಲ. ಆದರೆ ದೀಪಸ್ತಂಭದ ಬಳಿ ನಿಂತಾಗ ತಾನೇ ಆರಿ, ಹೊರಡುವಾಗ ತಾನೇ ಏಳುವ ಎಂಜಿನ್ನುಳ್ಳ ಕಾರುಗಳ ಮಾತು ಬೇರೆ. ಅವುಗಳಿಗೆಂದೇ ಮಾಡಿದ ಇ.ಎಫ್.ಬಿ. ಅಥವಾ ಎ.ಜಿ.ಎಂ. ಜಾತಿಯನ್ನು ಬಿಟ್ಟು ಅಗ್ಗವೆಂದು ಸಾಧಾರಣ ಬ್ಯಾಟರಿಯನ್ನು ಕೂರಿಸಿದರೆ ಅದು ಬೇಗನೆ ಕೈಕೊಡುತ್ತದೆ. ಮನೆಯ ಇನ್ವರ್ಟರಿನ ಬ್ಯಾಟರಿಯನ್ನು ಕಾರಿಗೂ, ಕಾರಿನದನ್ನು ಇನ್ವರ್ಟರಿಗೂ ಹೊಂದಿಸುವ ಉಳಿತಾಯವೂ ಉಳಿತಾಯವಲ್ಲ. ಕ್ಷಣಕಾಲ ಬಿರುಸಾಗಿ ಓಡುವವನು ಒಬ್ಬ. ದಿನವಿಡೀ ಹೊರೆ ಹೊರುವವನು ಇನ್ನೊಬ್ಬ.

ಎರಡನೆಯದು, ಇದು ಹುಟ್ಟಿದ್ದು ಎಂದು? ಅಂಗಡಿಯ ಗೂಡಿನಲ್ಲಿ ಕುಳಿತ ಬ್ಯಾಟರಿಗೂ ವಯಸ್ಸಾಗುತ್ತದೆ. ತಯಾರಾದ ತಿಂಗಳನ್ನು ಪೆಟ್ಟಿಗೆಯ ಮೇಲೆ ಅಕ್ಷರ ಅಂಕಿಗಳ ಸಂಕೇತದಲ್ಲಿ ಒತ್ತಿರುತ್ತಾರೆ; ಅಂಗಡಿಯವರಿಂದ ಅದನ್ನು ಓದಿಸಿಕೊಳ್ಳಲು ಸಂಕೋಚ ಬೇಡ. ಮೂರು ತಿಂಗಳೊಳಗಿನದಾದರೆ ಒಳ್ಳೆಯದು. ಮೀಟರು ಹಿಡಿಸಿ ನೋಡಿದಾಗ 12.4 ವೋಲ್ಟಿಗಿಂತ ಕಡಿಮೆ ತೋರಿಸುವ ‘ಹೊಸ’ ಬ್ಯಾಟರಿಯನ್ನು ವಿನಯದಿಂದ ಹಿಂದಿರುಗಿಸಬೇಕು. ಮೂರನೆಯದು ಭರವಸೆಯ ಚೀಟಿ. ಅದರಲ್ಲಿ ಹೇಳಿದ ತಿಂಗಳುಗಳು ಸಾಮಾನ್ಯವಾಗಿ ಎರಡು ಪಾಲು: ಮೊದಲ ಪಾಲಿನಲ್ಲಿ ಕೆಟ್ಟರೆ ಬೆಲೆಯಿಲ್ಲದೆ ಹೊಸದು, ಎರಡನೆಯ ಪಾಲಿನಲ್ಲಿ ಬೆಲೆಯ ಒಂದಂಶ ಮಾತ್ರ ರಿಯಾಯಿತಿ. ಹೋಲಿಸಬೇಕಾದುದು ಒಟ್ಟು ತಿಂಗಳುಗಳನ್ನಲ್ಲ, ಮೊದಲ ಪಾಲನ್ನು. ಚೀಟಿಯ ಮೇಲೆ ಅಂಗಡಿಯ ಮೊಹರೂ ತಾರೀಖೂ ಬೀಳದಿದ್ದರೆ ಅದು ಬರಿಯ ಕಾಗದ. ಈ ಮೂರೂ ಸಮವಾಗಿದ್ದ ಮೇಲೆ ಕಂಪನಿಯ ಹೆಸರನ್ನು ನೋಡಬಹುದು. ಮನೆಯ ಹತ್ತಿರ ಯಾರ ಸೇವೆ ಬೇಗ ದೊರೆಯುವುದೋ ಅವರದೇ ಉತ್ತಮ.

ಇಷ್ಟಕ್ಕೆ ವ್ಯಾಪಾರ ಮುಗಿಯಿತೆಂದು ಬಹುಮಂದಿ ಎದ್ದುಬಿಡುತ್ತಾರೆ. ಆದರೆ ಕೌಂಟರಿನ ಪಕ್ಕದಲ್ಲಿ ನೆಲದ ಮೇಲೆ ಇನ್ನೊಂದು ಪೆಟ್ಟಿಗೆ ಕುಳಿತಿದೆ: ನಮ್ಮ ಹಳೆಯದು. ಸಾಮಾನ್ಯ ಕಾರಿನ ಬ್ಯಾಟರಿ ಹತ್ತರಿಂದ ಹದಿನೈದು ಕಿಲೋ ತೂಗುತ್ತದೆ. ಅದರ ಅರ್ಧಕ್ಕಿಂತ ಹೆಚ್ಚು ಸೀಸ. ಸರಿಯಾದ ಕಾರ್ಖಾನೆಗೆ ಹೋದರೆ ಆ ಸೀಸ ಹೆಚ್ಚುಕಡಮೆ ಪೂರ್ತಿಯಾಗಿ ಮತ್ತೊಂದು ಬ್ಯಾಟರಿಯಾಗಿ ಹುಟ್ಟಿಬರುತ್ತದೆ. ತಪ್ಪು ಕೈಗೆ ಹೋದರೆ ಊರಾಚೆಯ ಯಾವುದೋ ಹಿತ್ತಲಿನಲ್ಲಿ ಅದನ್ನು ಒಡೆಯುತ್ತಾರೆ. ಆಮ್ಲ ಮಣ್ಣಿಗೆ, ಸೀಸ ಬಾಣಲೆಗೆ, ಹೊಗೆ ಪಕ್ಕದ ಗುಡಿಸಿಲಿಗೆ. ಸೀಸದ ಧೂಳು ಮಗುವಿನ ರಕ್ತವನ್ನು ಸೇರಿದರೆ ಬುದ್ಧಿಯ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ. ಹೋದ ಬುದ್ಧಿಯನ್ನು ಮರಳಿ ತರುವ ಮದ್ದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶರು ಸೀಸದ ವಿಷವನ್ನು ಕುರಿತು ದೇಶಕ್ಕೆ ಎಚ್ಚರಿಕೆ ಹೇಳುವುದನ್ನೇ ತಮ್ಮ ಬಾಳಿನ ಕಾರ್ಯವಾಗಿಸಿಕೊಂಡರು. 2000ದ ಫೆಬ್ರವರಿಯಿಂದ ದೇಶದ ಪೆಟ್ರೋಲಿನಲ್ಲಿ ಸೀಸ ಬೆರೆಸುವುದು ನಿಂತಿತು. ಬ್ಯಾಟರಿಯ ಸೀಸವು ಇನ್ನೂ ನಮ್ಮ ವಿವೇಕಕ್ಕೆ ಬಿಟ್ಟದ್ದಾಗಿದೆ.

ಮಾರಾಟಗಾರರು ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯಬೇಕೆಂದು 2001ರ ನಿಯಮಗಳೇ ಹೇಳಿದ್ದುವು. 2022ರ ಹೊಸ ನಿಯಮಗಳು ಅವುಗಳ ಕೊನೆಯ ಗತಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಅಂಗಡಿಯವರು ಕಳೆಯುತ್ತಾರೆ. ಬೀದಿಯಲ್ಲಿ ಕೂಗುತ್ತ ಬರುವ ಗುಜರಿಯವನು ಒಂದು ನೂರು ರೂಪಾಯಿ ಹೆಚ್ಚು ಕೊಟ್ಟಾನು. ಆ ನೂರು ರೂಪಾಯಿ ಎಲ್ಲಿಂದ ಬರುತ್ತದೆಂಬುದನ್ನು ನೆನೆದರೆ ಕೈಚಾಚಲು ಮನಸ್ಸು ಒಪ್ಪಲಾರದು. ಅದನ್ನು ತೆರುವುದು ಯಾರದೋ ಮಗು.

ಮಿನರ್ವ ವೃತ್ತವನ್ನು ದಾಟಿ ಲಾಲ್‌ಬಾಗಿನ ಪಡುವಣ ಬಾಗಿಲ ಬಳಿ ಬಲಕ್ಕೆ ತಿರುಗಿದರೆ ಬಸವನಗುಡಿ. ಗಾಂಧಿಬಜಾರಿನ ಹೂವಿನ ರಾಶಿಗಳನ್ನು ದಾಟುತ್ತಲೇ ನೆಲ ಏರತೊಡಗುತ್ತದೆ. ಬ್ಯೂಗಲ್ ರಾಕ್ ಬಂಡೆಯೂ ದೊಡ್ಡ ಬಸವಣ್ಣನ ಗುಡಿಯೂ ಇರುವುದು ಆ ಏರಿನ ಮೇಲೆ. ಬ್ಯಾಟರಿಯನ್ನು ನಂಬದ ಕಾಲದಲ್ಲಿ ಕಾರನ್ನು ಇಳಿಜಾರಿಗೆ ಮುಖಮಾಡಿ ನಿಲ್ಲಿಸುವುದು ಜಾಣತನವಾಗಿತ್ತು. ಈಗ ಕಾರ್ತೀಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಜನ ನೆರೆದಾಗ ಸುತ್ತಲಿನ ಮನೆಗಳ ಕಾರುಗಳು ಕೆಲವು ದಿನ ಕದಲುವಂತಿಲ್ಲ. ಆರೋಗ್ಯವಾಗಿರುವ ಬ್ಯಾಟರಿಗೆ ಆ ಬಿಡುವು ಲೆಕ್ಕಕ್ಕಿಲ್ಲ. ಬಡವಾದುದಕ್ಕೆ ಅದೇ ಕಡೆಯ ಪೆಟ್ಟು.

ಹಾಗಾದರೆ ಹೊರಡುವ ಅಗತ್ಯವೇ ಇಲ್ಲದ ಮನೆಯವರು ಏನು ಮಾಡಬೇಕು? ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ಮುಕ್ಕಾಲು ಗಂಟೆ ಬಿಡುವಾದ ರಸ್ತೆಯಲ್ಲಿ ಓಡಿಸಬೇಕು. ಭಾನುವಾರದ ಬೆಳಗ್ಗೆ ಆರು ಗಂಟೆಯ ಕನಕಪುರ ರಸ್ತೆ ಇದಕ್ಕೆ ತಕ್ಕುದು. ಬ್ಯಾಟರಿಗೂ ಒಳ್ಳೆಯದು, ಹಿರಿಯರಿಗೂ ಗಾಳಿ ಬದಲಾವಣೆ. ನಿಂತಲ್ಲಿಯೇ ಐದು ನಿಮಿಷ ಎಂಜಿನ್ನನ್ನು ಗುರುಗುಟ್ಟಿಸುವುದರಿಂದ ಪ್ರಯೋಜನ ಅಲ್ಪ. ತಿಂಗಳುಗಟ್ಟಲೆ ಊರಿನಲ್ಲಿರುವುದಿಲ್ಲವೆಂದಾದರೆ ಋಣ ಕೊಂಡಿಯನ್ನು ಬಿಚ್ಚಿಸಿ ಹೋಗಬಹುದು, ಇಲ್ಲವೆ ನಿಧಾನವಾಗಿ ತುಂಬುವ ಚಾರ್ಜರನ್ನು ಜೋಡಿಸಬಹುದು. ಬಿಚ್ಚುವಾಗ ಋಣ ಮೊದಲು, ಕೂಡಿಸುವಾಗ ಧನ ಮೊದಲು ಎಂಬುದನ್ನು ಮರೆಯಬಾರದು. ಮೂರು ವರ್ಷ ತುಂಬಿದ ಬ್ಯಾಟರಿಯನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಎಲ್ಲಕ್ಕಿಂತ ಸುಲಭವಾದುದು ಒಂದು: ಹೊಸ ಪೆಟ್ಟಿಗೆ ಕೂರಿಸಿದ ದಿನವೇ ಅದರ ನೆತ್ತಿಯ ಮೇಲೆ ಬಿಳಿಯ ಬಣ್ಣದಲ್ಲಿ ತಾರೀಖನ್ನು ಬರೆದಿಡುವುದು.

ಈ ಬಡಾವಣೆಗಳಲ್ಲಿ ಹಳೆಯ ಮನೆಗಳ ನೆತ್ತಿಯ ಮೇಲೆ ಕಟ್ಟಿದ ವರ್ಷವನ್ನು ಗಾರೆಯಲ್ಲಿ ಕೆತ್ತಿರುವುದನ್ನು ನೋಡಿದ್ದೇವೆ. ಮನೆಯ ವಯಸ್ಸು ತಿಳಿದವರು ಅದರ ತೊಲೆಯನ್ನೂ ಹೆಂಚನ್ನೂ ಕಾಲಕಾಲಕ್ಕೆ ನೋಡಿಕೊಳ್ಳುತ್ತಾರೆ. ಕಾರಿನ ಮೂಲೆಯಲ್ಲಿರುವ ಪೆಟ್ಟಿಗೆಯೂ ಅಷ್ಟು ಗಮನವನ್ನು ಬೇಡಬಹುದು. ಅರ್ಧರಾತ್ರಿಯಲ್ಲಿ ಮನೆಯ ಹಿರಿಯರೊಬ್ಬರು ಎದೆಯನ್ನು ಹಿಡಿದುಕೊಂಡು ಕುಳಿತಾಗ ಅದು ಕೊಡಬೇಕಾದುದು ಎರಡೇ ಕ್ಷಣದ ಬಲ. ಆ ಎರಡು ಕ್ಷಣಕ್ಕಾಗಿ ನಾವು ಅದಕ್ಕೆ ವಾರದಲ್ಲಿ ಅರ್ಧ ಗಂಟೆಯನ್ನು ಕೊಟ್ಟರೆ ಅದು ದುಬಾರಿಯಲ್ಲ.